ಬಿನಾಕಾ ಹಾಡು, ಬೂದಿಕೋಟೆ ಕೇಬಲ್ಲು, ಹಳೇ ರಸ್ತೆಯ ಬೊಂಬೆ ಅಂಗಡಿ

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಕಾರುಗಳು ರಾಮನಗರ, ಚನ್ನಪಟ್ಟಣದ ಒಳಗೆ ಬರದೆ ಬೈಪಾಸ್‌ನಲ್ಲೇ ಹೋಗತೊಡಗಿದವು. ಹಳೇ ರಸ್ತೆಯಲ್ಲಿ ಕಾಫಿಗೆ ಇಳಿದು, ಮಗು ಹಠ ಮಾಡ್ತು ಅಂತ ಒಂದು ಬೊಂಬೆ ಕೊಳ್ಳುತ್ತಿದ್ದ ಗಿರಾಕಿ ಈಗ ಇಳಿಯುವುದೇ ಕಮ್ಮಿ.

ಅಲ್ಲಿ ಅಂಗಡಿ ಇಟ್ಟಿರುವ ಗೆಳೆಯನೊಬ್ಬ ಮೊನ್ನೆ, ‘ಅಣ್ಣ, ನಾವೂ ಪಾಡ್‌ಕಾಸ್ಟ್ ಮಾಡಣ’ ಅಂದ. ಹತ್ತು ಕಂತಿನ ಪಟ್ಟಿಯನ್ನೂ ಬರೆದಿದ್ದ. ನಮ್ಮ ಅಂಗಡಿ, ನಮ್ಮ ತಾತ, ನಮ್ಮ ಬೊಂಬೆ, ನಮ್ಮ ರೇಟು. ಓದಿ ಮುಗಿಸಿ ನಾನು ಕೇಳಿದ್ದು ಒಂದೇ: ‘ಇದನ್ನ ಯಾರು ಕೇಳ್ತಾರೆ?’ ಅವನ ಮುಖ ಸಪ್ಪಗಾಯ್ತು.

ಈ ಪ್ರಶ್ನೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದವರು. ಅವರಿಗೆ ಮಾರುವುದಕ್ಕೆ ಏನೂ ಇರಲಿಲ್ಲ. ಮಾರುವವರು ರೇಡಿಯೊ ಹಿಡಿದದ್ದು ಆಮೇಲೆ.

1952ರಲ್ಲಿ ವಾರ್ತಾ ಮಂತ್ರಿ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಿಡಿಸುತ್ತಿರಲಿಲ್ಲ, ಸರ್ಕಾರಿ ರೇಡಿಯೊದಲ್ಲಿ ಅವು ವಿರಳವಾದವು. ಅದೇ ವರ್ಷದ ಕೊನೆಯಲ್ಲಿ ರೇಡಿಯೊ ಸಿಲೋನ್‌ನಲ್ಲಿ ‘ಬಿನಾಕಾ ಗೀತಮಾಲಾ’ ಶುರುವಾಯ್ತು. ಬಿನಾಕಾ ಅಂದರೆ ಟೂತ್‌ಪೇಸ್ಟು. ಆದರೆ ಅಮೀನ್ ಸಯಾನಿ ಅರ್ಧ ಗಂಟೆ ಹಲ್ಲಿನ ಬಗ್ಗೆ ಮಾತಾಡುತ್ತಿರಲಿಲ್ಲ, ಜನಕ್ಕೆ ಬೇಕಾದ ಹಾಡು ಹಾಕುತ್ತಿದ್ದರು. ಯಾವ ಹಾಡು ಮೇಲೆ, ಯಾವುದು ಕೆಳಗೆ ಅನ್ನೋದರಲ್ಲಿ ಕೇಳುಗರ ಕಾಗದಗಳಿಗೂ ಪಾಲಿತ್ತು. ವಾರವಾರ ಸಾವಿರಾರು ಕಾಗದ ಬರುತ್ತಿದ್ದವು. ಅಂದರೆ ಪೇಸ್ಟಿನ ಕಂಪನಿಗೆ ತನ್ನ ಕೇಳುಗ ಯಾವ ಊರಿನವನು, ಏನು ಇಷ್ಟಪಡುತ್ತಾನೆ ಅನ್ನೋದು ಕಾಲಾಣೆ ಸರ್ವೆ ಇಲ್ಲದೆ ಗೊತ್ತಾಗುತ್ತಿತ್ತು. ವಿವಿಧ ಭಾರತಿ ಜಾಹೀರಾತಿಗೆ ಬಾಗಿಲು ತೆರೆದದ್ದು 1967ರಲ್ಲಿ, ಹದಿನೈದು ವರ್ಷ ತಡವಾಗಿ.

ನನಗೆ ಹೆಚ್ಚು ಹಿಡಿಸುವುದು ನಮ್ಮ ಪಕ್ಕದ ಕೋಲಾರ ಜಿಲ್ಲೆಯ ಕಥೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ ಕಟ್ಟಿದವು. ಹಳ್ಳಿಯ ಸಂಘಗಳಿಗೆ ಆಗ ರೇಡಿಯೊ ಲೈಸೆನ್ಸು ಸಿಗುತ್ತಿರಲಿಲ್ಲ, ಅದು ಸಿಕ್ಕುವಂತಾದದ್ದು 2006ರ ಕೊನೆಯ ನೀತಿಯಿಂದ. ಹಾಗಾಗಿ 2003ರ ಹೊತ್ತಿಗೆ ಟಿವಿ ಕೇಬಲ್ಲಿನಲ್ಲೇ ದನಿ ಹರಿಸಿದರು! ಕಾರ್ಯಕ್ರಮ ಮಾಡಿದವರು, ಕೇಳಿದವರು ಎಲ್ಲಾ ಅಲ್ಲಿಯವರೇ. ಮಹಿಳಾ ಸಂಘದ ಹೆಂಗಸರು ತಮ್ಮಂಥ ಹೆಂಗಸರಿಗೇ ಮಾತಾಡುತ್ತಿದ್ದರು. ಹಾಗಿದ್ದ ಮೇಲೆ ‘ಯಾರಿಗೆ’ ಅನ್ನೋ ಅನುಮಾನವೇ ಬರಲ್ಲ.

2020ರ ಆಗಸ್ಟ್ 30ರ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲಿ ಚನ್ನಪಟ್ಟಣದ ಬೊಂಬೆಯ ಹೆಸರು ಬಂದಿತ್ತು. ಹೆಸರು ದೇಶಕ್ಕೆಲ್ಲ ಕೇಳಿಸಿತು, ಸರಿ. ಆದರೆ ದೇಶಕ್ಕೆಲ್ಲ ಹೇಳಿದ ಮಾತು ಬೇರೆ, ಎಂಟು ತಿಂಗಳ ಮಗುವಿನ ತಾಯಿ ಫೋನಿನಲ್ಲಿ ಕೇಳುವ ಮಾತು ಬೇರೆ. ಆಕೆಗೆ ಜಿಐ ಟ್ಯಾಗ್ ಬೇಡ. ಆಲೆಮರ ಅಂದರೆ ಯಾವುದು, ಲೇತಿನ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಣ್ಣ ಹೇಗೆ ಕರಗಿ ಕೂರುತ್ತೆ, ಅದು ಅರಿಶಿನದ್ದೋ ಕೆಮಿಕಲ್ಲಿನದೋ, ಇಷ್ಟು ಹೇಳಬೇಕು. ಲೇತಿನ ಸದ್ದನ್ನೂ ಕೇಳಿಸಬೇಕು.

ಗೆಳೆಯ ಆ ಪಟ್ಟಿ ಹರಿದುಹಾಕಿದ. ಈಗ ಗಲ್ಲಾಪೆಟ್ಟಿಗೆ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದಾನೆ, ಗಿರಾಕಿ ಏನು ಕೇಳಿದರೂ ಬರೆದುಕೊಳ್ಳುತ್ತಾನೆ. ಮೊದಲ ಪುಟದಲ್ಲೇ ಮೂರು ಸಲ ಬಂದಿರುವ ಪ್ರಶ್ನೆ: ‘ಮಗು ಬಾಯಿಗೆ ಹಾಕ್ಕೊಂಡ್ರೆ ಏನೂ ಆಗಲ್ವಾ?’