ಸೋತ ಆಟದ ಮೊದಲ ಮೂರು ನಡೆಗಳು

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು: ನನ್ನ ಬಾಲ್ಯ ಕಳೆದದ್ದು ಈ ಸೀಮೆಯಲ್ಲಿ. ಅಲ್ಲಿ ನನಗೆ ಚದುರಂಗ ಕಲಿಸಿದ ಹಿರಿಯರು ಕಾಲಾಳನ್ನು ಮೊದಲ ನಡೆಯಲ್ಲಿಯೂ ಒಂದೇ ಮನೆ ನಡೆಸುತ್ತಿದ್ದರು. ಮುಂದೆ ಧಾರವಾಡದಲ್ಲಿ ಓದುವಾಗ ಅದು ಎರಡು ಮನೆ ಜಿಗಿಯುವುದನ್ನು ಕಂಡು, ನಮ್ಮೂರ ಆಟವೇ ತಪ್ಪೆಂದು ನಾಚಿದ್ದೆ. ಆ ನಾಚಿಕೆಯನ್ನು ಕಳೆದದ್ದು 1855ರ ಮೇ ತಿಂಗಳಲ್ಲಿ ಕಲಕತ್ತೆಯಲ್ಲಿ ನಡೆದ ಒಂದು ಆಟ. ಅದೂ ನಮ್ಮವರು ಸೋತ ಆಟ.

ಕನ್ನಡ ನಾಡಿಗೆ ಚದುರಂಗ ಹೊಸದಲ್ಲ. ಹಾನಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಕಾಲದಲ್ಲಿ, ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳೊಡನೆ ಅದನ್ನೂ ವಿವರಿಸಿದ್ದಾನೆ. ಆದರೆ ಒಂದು ಆಟವನ್ನು ನಾವು ಮತ್ತೆ ಆಡಿ ನೋಡಬೇಕಾದರೆ ಅದರ ನಡೆಗಳು ಬರಹದಲ್ಲಿ ಉಳಿದಿರಬೇಕು. ಕಲಕತ್ತೆಯ ಆಟ ಹಾಗೆ ಉಳಿದಿದೆ.

ಬಿಳಿಯ ಕಾಯಿಗಳು ಸ್ಕಾಟ್ಲೆಂಡಿನ ವಕೀಲ ಜಾನ್ ಕಾಕ್ರೇನರವು. ಕರಿಯವು ದೇಶೀ ಪದ್ಧತಿಯಲ್ಲಿ ಪಳಗಿದ್ದ ಮಹೇಶಚಂದ್ರ ಬ್ಯಾನರ್ಜಿಯವರವು. ಕಾಕ್ರೇನರು ಕಾಲಾಳುಗಳನ್ನು ಎರಡೆರಡು ಮನೆ ನೂಕಿ ನಟ್ಟನಡುವೆ ನೆಲೆ ಹಿಡಿಯಹೊರಟರು. ಮಹೇಶಚಂದ್ರರು ಮೊದಲು ಕುದುರೆಯನ್ನು ಹೊರತಂದರು. ಎರಡನೆಯ ನಡೆಯಲ್ಲಿ ರಾಜನ ಕಡೆಯ ಕುದುರೆಯ ಕಾಲಾಳನ್ನು ಒಂದೇ ಮನೆ ಸರಿಸಿ, ಒಂಟೆಗೆ ಮೂಲೆಯಿಂದ ಮೂಲೆಗೆ ನೋಡುವ ದಾರಿ ತೆರೆದರು. ಮೂರನೆಯದರಲ್ಲಿ ಮಂತ್ರಿಯ ಕಾಲಾಳನ್ನು ಎರಡು ಮನೆ ನುಗ್ಗಿಸಿದರು. ನಡುವಣ ನೆಲವನ್ನು ಎದುರಾಳಿಗೆ ಬಿಟ್ಟು, ಆಮೇಲೆ ಅದನ್ನೇ ಅಲುಗಿಸುವ ಯುಕ್ತಿ ಇದು. ಒಂದು ಮನೆಯ ನಡೆ ಊರಿನ ಅಭ್ಯಾಸ, ಎರಡು ಮನೆಯದು ಹೊಸ ಕಲಿಕೆ ಎಂದು ನನಗೆ ತೋರುತ್ತದೆ. ಪಂಪನ ಕಾವ್ಯ ಪಾಠ ಹೇಳಿದವನಿಗೆ ಇಲ್ಲಿ ಮಾರ್ಗ ದೇಸಿಗಳ ಕೂಟ ನೆನಪಾಗದಿರದು.

ಆಟವೇನೋ ಕೈಬಿಟ್ಟಿತು. ಹದಿನೇಳನೆಯ ನಡೆಯಲ್ಲಿ ಬಿಳಿಯ ಕುದುರೆಯೂ ಮಂತ್ರಿಯೂ ಒಂದೇ ಕಾಲಾಳಿನ ಮೇಲೆ ಕಣ್ಣಿಟ್ಟಿದ್ದಾಗ ಮಹೇಶಚಂದ್ರರು ಎದುರಾಳಿಯ ಒಂಟೆಯನ್ನು ಹೊಡೆಯಹೋದರು. ಕಾಕ್ರೇನರು ಮಂತ್ರಿಯನ್ನೇ ಬಲಿಗೊಟ್ಟು, ತನ್ನವರ ನಡುವೆಯೇ ಸಿಕ್ಕಿಬಿದ್ದ ರಾಜನಿಗೆ ಕುದುರೆಯಿಂದ ಮಾತ್ ಕೊಡುವ ದಾರಿ ಕಂಡಿದ್ದರು. ಇದು ನಡುವಿನ ಎಚ್ಚರಗೇಡಿನ ಸೋಲು, ಆರಂಭದಲ್ಲಿ ದೋಷವಿರಲಿಲ್ಲ.

ಅರವತ್ತೇಳು ವರ್ಷಗಳ ಮೇಲೆ, 1922ರಲ್ಲಿ, ಅರ್ನ್ಸ್ಟ್ ಗ್ರ್ಯೂನ್‌ಫೆಲ್ಡ್ ವಿಯೆನ್ನಾದಲ್ಲಿ ಇದೇ ಆರಂಭದಿಂದ ಅಲೆಖಿನ್ನರನ್ನು ಸೋಲಿಸಿದರು. ಆರಂಭಕ್ಕೆ ಅವರ ಹೆಸರೇ ನಿಂತಿತು. ಗೆದ್ದವರಿಗೆ ಹೆಸರು ಸಲ್ಲುವುದು ಲೋಕರೂಢಿ; ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸೋತ ಆಟಗಳನ್ನೂ ಮೊದಲಿನಿಂದ ಓದಬೇಕು. ಒಂದೇ ಮನೆ ನಡೆಯುತ್ತಿದ್ದ ನನ್ನ ಹಿರಿಯರನ್ನು ನಾನು ಅರಿತುಕೊಂಡದ್ದು ಹಾಗೆ, ತುಸು ತಡವಾಗಿ.