ಮಿಣ್ಯಂ ದಾರಿಯಲ್ಲಿ ಮಡಿದವರು



ನಮ್ಮ ಹಾಲಿನ ಸಂಘಕ್ಕೆ 25 ವರ್ಷ ತುಂಬಿದ ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಸಂಘದ ಲಾಭ ನಷ್ಟ, ಸಾಧನೆ, ಅಭಿನಂದನೆ ಎಲ್ಲವೂ ಇರುತ್ತವೆ. ಅವುಗಳ ಜೊತೆಗೆ ನಮ್ಮ ಸೀಮೆ ತೀರಿಸದೇ ಉಳಿಸಿಕೊಂಡಿರುವ ಒಂದು ಋಣದ ವಿಚಾರವನ್ನೂ ಬರೆದಿಡಬೇಕು ಅಂತ ನಮಗೆ ಅನ್ನಿಸಿತು.

ಇವತ್ತು ನಮ್ಮ ಹುಡುಗರನ್ನು ಕೇಳಿ ನೋಡಿ. ವೀರಪ್ಪನ್ ಯಾರಪ್ಪ ಅಂದರೆ ಮೀಸೆ ತಿರುವಿ ತೋರಿಸುತ್ತಾರೆ. ಹರಿಕೃಷ್ಣ ಯಾರು, ಶಕೀಲ್ ಅಹಮದ್ ಯಾರು ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತಪ್ಪು ಹುಡುಗರದಲ್ಲ. ಹೇಳಬೇಕಾದ ನಾವೇ ಹೇಳಲಿಲ್ಲ.

ಆಗ ನಮ್ಮದು ಮೈಸೂರು ಜಿಲ್ಲೆ, ಕೊಳ್ಳೇಗಾಲ ತಾಲೂಕು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಕಾಡಿನಲ್ಲಿ ಶ್ರೀಗಂಧ ಮತ್ತು ಆನೆದಂತದ ಕಳ್ಳಸಾಗಣೆ ಜೋರಾಗಿ ನಡೆದಿತ್ತು. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಮೋಸದಿಂದ ಕರೆಸಿ ಕೊಂದ. 1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಗೇ ರಾತ್ರಿ ನುಗ್ಗಿ ಪೊಲೀಸರನ್ನು ಕೊಂದು ಬಂದೂಕು ಹೊತ್ತುಕೊಂಡು ಹೋದ. ಠಾಣೆಗೇ ಈ ಗತಿಯಾದರೆ ನಮ್ಮಂಥವರ ಪಾಡೇನು ಅಂತ ಜನ ಹೊತ್ತು ಮುಳುಗುವ ಮುಂಚೆಯೇ ಕದ ಹಾಕಿಕೊಳ್ಳುತ್ತಿದ್ದ ಕಾಲ ಅದು.

ಅಂಥ ಹೊತ್ತಿನಲ್ಲಿ ಮೈಸೂರು ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟ್ ಆಗಿದ್ದವರು ಟಿ. ಹರಿಕೃಷ್ಣ. ಅವರ ಬಲಗೈಯಂತೆ ಇದ್ದವರು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್. ವೀರಪ್ಪನ್‌ನ ಬಂಟ ಗುರುನಾಥನ್ ಇವರ ಕಾರ್ಯಾಚರಣೆಯಲ್ಲೇ ಸಿಕ್ಕಿ ಸತ್ತಿದ್ದ. ಆ ಹಗೆಯನ್ನು ವೀರಪ್ಪನ್ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ.

1992ರ ಆಗಸ್ಟ್ 14. ಮಾರನೇ ದಿನ ಸ್ವಾತಂತ್ರ್ಯೋತ್ಸವ. ಮಿಣ್ಯಂ ಕಡೆ ಹೋದರೆ ವೀರಪ್ಪನ್ ಸಿಗುತ್ತಾನೆ ಅಂತ ಮಾಹಿತಿದಾರನೊಬ್ಬ ತಿಳಿಸಿದ್ದ. ಆ ಮಾಹಿತಿಯೇ ಬಲೆಯಾಗಿತ್ತು. ದೊಡ್ಡ ಅಧಿಕಾರಿಯಾದ ಹರಿಕೃಷ್ಣ ಬೇರೆಯವರನ್ನು ಮುಂದೆ ಕಳಿಸಿ ತಾವು ಆಫೀಸಿನಲ್ಲಿ ಕೂರಲಿಲ್ಲ. ತಾವೇ ಕಾರಿನಲ್ಲಿ ಹೊರಟರು. ಕಾಡುದಾರಿಯಲ್ಲಿ ಹೊಂಚು ಹಾಕಿದ್ದವರು ಗುಂಡಿನ ಮಳೆ ಸುರಿಸಿದರು. ಹರಿಕೃಷ್ಣ, ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದ ಸಿಬ್ಬಂದಿ ಸೇರಿ ಆರು ಮಂದಿ ಪ್ರಾಣ ಕೊಟ್ಟರು. ಎಸ್.ಪಿ.ಯೂ ಪೇದೆಯೂ ಒಂದೇ ದಾರಿಯಲ್ಲಿ, ಒಂದೇ ಹೊತ್ತಿಗೆ.

ಒಂದು ಮಾತು ಸಂಕೋಚವಿಲ್ಲದೆ ಒಪ್ಪಿಕೊಳ್ಳೋಣ. ಕಾಡಿನಲ್ಲಿ ಯಾರು ಓಡಾಡುತ್ತಾರೆ ಅಂತ ಈ ಸೀಮೆಯಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಗೊತ್ತೇ ಇರುತ್ತಿತ್ತು. ಆದರೆ ಬಾಯಿ ಬಿಟ್ಟರೆ ಅವನು ಬಿಡುವುದಿಲ್ಲ, ಬಿಡದಿದ್ದರೆ ಪೊಲೀಸರು ಬಿಡುವುದಿಲ್ಲ. ಆ ಇಕ್ಕಟ್ಟಿನಲ್ಲಿ ನಾವು ಸುಮ್ಮನಿದ್ದೆವು. ಊರು ಧೈರ್ಯವಾಗಿ ಮಾತಾಡುವ ಹಾಗಿದ್ದಿದ್ದರೆ, ಅವರು ಒಬ್ಬ ಮಾಹಿತಿದಾರನ ಮಾತನ್ನೇ ನೆಚ್ಚಿ ಹೋಗಬೇಕಾಗುತ್ತಿತ್ತೇ? ಈ ಪ್ರಶ್ನೆ ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಆಮೇಲಿನ ಕಾರ್ಯಾಚರಣೆಗಳಲ್ಲಿ ತಪ್ಪೇ ಮಾಡದ ಬಡವರೂ ನೊಂದರು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಎರಡೂ ರಾಜ್ಯಗಳ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಆ ನೋವನ್ನು ಮರೆಮಾಚಬಾರದು. ಹಾಗಂತ ಮಿಣ್ಯಂ ದಾರಿಯಲ್ಲಿ ಮಡಿದವರನ್ನು ಮರೆಯುವುದೂ ನ್ಯಾಯವಲ್ಲ. ಎರಡು ನೋವಿಗೂ ನಮ್ಮ ಎದೆಯಲ್ಲಿ ಜಾಗ ಇರಬೇಕು.

ನಮ್ಮ ಸಂಘ ಹುಟ್ಟಿದಾಗಲೂ ಭಯ ಪೂರ್ತಿ ಹೋಗಿರಲಿಲ್ಲ. 2000ದಲ್ಲಿ ಡಾ. ರಾಜಕುಮಾರ್ ಅವರನ್ನೇ 108 ದಿನ ಕಾಡಿನಲ್ಲಿ ಇಟ್ಟುಕೊಂಡಿದ್ದನಲ್ಲ! 2004ರ ಅಕ್ಟೋಬರ್ 18ರಂದು ತಮಿಳುನಾಡು ಪೊಲೀಸರ ಗುಂಡಿಗೆ ಅವನು ಸತ್ತ. ಆಮೇಲೆ ನಿಧಾನವಾಗಿ ಸೀಮೆ ಉಸಿರಾಡಿತು. ಇವತ್ತು ನಮ್ಮ ಹೆಣ್ಣುಮಕ್ಕಳು ಕತ್ತಲಿರುವಾಗಲೇ ಕ್ಯಾನು ಹಿಡಿದು ಡೈರಿಗೆ ಬರುತ್ತಾರೆ, ಯಾರ ಹೆದರಿಕೆಯೂ ಇಲ್ಲ. ಈ ನೆಮ್ಮದಿ ಬಿಟ್ಟಿ ಬಂದದ್ದಲ್ಲ.

ಪೊಲೀಸ್ ಇಲಾಖೆಯವರು ಪ್ರತಿ ವರ್ಷ ಅಕ್ಟೋಬರ್ 21ರಂದು ಹುತಾತ್ಮರ ದಿನ ಆಚರಿಸುತ್ತಾರೆ. 1959ರಲ್ಲಿ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಸೈನಿಕರ ಗುಂಡಿಗೆ ಮಡಿದ 10 ಪೊಲೀಸರ ನೆನಪಿನ ದಿನವದು. ಅದು ಇಲಾಖೆಯ ಕೆಲಸವಾಯಿತು. ನಮ್ಮ ಕೆಲಸ? ಪ್ರತಿ ಆಗಸ್ಟ್ 14ರ ಸಂಜೆ ಹಾಲು ಅಳೆಯುವ ಮುಂಚೆ ಎರಡು ನಿಮಿಷ ಮೌನವಾಗಿ ನಿಲ್ಲೋಣ ಅಂತ ಸದಸ್ಯರಲ್ಲಿ ನಮ್ಮ ಅರಿಕೆ. ಮಕ್ಕಳು ಯಾಕೆ ಅಂತ ಕೇಳುತ್ತಾರೆ. ಆಗ ಈ ಕಥೆ ಹೇಳೋಣ.