ಪಡಿಯಿಂದ ಪೊಟ್ಟಣಕ್ಕೆ: ಬೆಂಗಳೂರು ದಂಡಿನ ಆಹಾರಚರಿತ್ರೆಯಲ್ಲಿ ಮಿತಿಯ ಪ್ರಶ್ನೆ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಕನ್ನಡ ನಾಡಿನಲ್ಲಿ ಕೇಳದವರಿಲ್ಲ. ಈ ಗಾದೆಯ ಹಿಂದೆ ಒಂದು ನಂಬಿಕೆ ಅಡಗಿದೆ. ಎಷ್ಟು ಉಣ್ಣಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಉಣ್ಣುವವನ ಅರಿವಿಗೆ ಸೇರಿದ್ದು. ಅರಿತವನು ಉಳಿಯುತ್ತಾನೆ, ಅರಿಯದವನು ಕೆಡುತ್ತಾನೆ ಎಂಬುದೇ ಆ ನಂಬಿಕೆ. ಆದರೆ ಸಾಕೆಂಬ ಅರಿವು ಹುಟ್ಟದಂತೆ, ಅಥವಾ ತಡವಾಗಿ ಹುಟ್ಟುವಂತೆ, ತಿನಿಸನ್ನೇ ಅಣಿಗೊಳಿಸಿದರೆ ಆಗ ಹೊಣೆ ಯಾರದು? ಇದು ವೈದ್ಯಶಾಸ್ತ್ರದ ಪ್ರಶ್ನೆಯೆಂದು ಬಹುಮಂದಿ ಭಾವಿಸುತ್ತಾರೆ. ಇದಕ್ಕೆ ಒಂದು ಚರಿತ್ರೆಯೂ ಉಂಟು. ಆ ಚರಿತ್ರೆಯ ಮುಖ್ಯ ಘಟ್ಟಗಳು ಬೆಂಗಳೂರು ದಂಡಿನಲ್ಲಿಯೂ ಅದರ ಪೂರ್ವದ ಬಡಾವಣೆಗಳಲ್ಲಿಯೂ ಕಣ್ಣಿಗೆ ಬೀಳುತ್ತವೆ. ಅವುಗಳನ್ನು ಕ್ರಮವಾಗಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

1

ಶ್ರೀರಂಗಪಟ್ಟಣದ ಹವೆ ಬ್ರಿಟಿಷ್ ಸೈನ್ಯಕ್ಕೆ ಒಗ್ಗದೆ ಹೋದುದರಿಂದ 1809ರಲ್ಲಿ ಹಲಸೂರಿನ ಪಶ್ಚಿಮದ ಬಯಲಿನಲ್ಲಿ ದಂಡು ನೆಲಸಿತು. ಸೈನ್ಯವನ್ನು ಹಿಂಬಾಲಿಸಿ ಕಟುಕರು, ರೊಟ್ಟಿ ಸುಡುವವರು, ದಿನಸಿಯ ವರ್ತಕರು, ಗಾಡಿಯವರು ಬಂದರು. ಇಂದು ಶಿವಾಜಿನಗರವೆಂದು ಕರೆಯುವ ಅಂದಿನ ಬ್ಲ್ಯಾಕ್‌ಪಲ್ಲಿಯೂ ಹಲಸೂರಿನ ಪೇಟೆಯೂ ಬೆಳೆದುದು ಈ ಪೂರೈಕೆಯ ಬಲದಿಂದ. ಗೋರಾ ಸಿಪಾಯಿಗೆ ಸರಕಾರವು ದಿನವೊಂದಕ್ಕೆ ಒಂದು ಪೌಂಡು ಮಾಂಸ, ಒಂದು ಪೌಂಡು ರೊಟ್ಟಿ ಎಂದು ಪಡಿ ಗೊತ್ತುಮಾಡಿತ್ತು. ಪಡಿಯೆಂದರೆ ಮೇಲಿನವರು ಅಳೆದು ಕೊಡುವ ಆಹಾರ. ಅಲ್ಲಿ ತಿನ್ನುವವನ ಇಚ್ಛೆಗೆ ಹೆಚ್ಚಿನ ಸ್ಥಾನವಿರಲಿಲ್ಲ. ಮಿತಿಯನ್ನು ತಕ್ಕಡಿಯೇ ನಿರ್ಣಯಿಸುತ್ತಿತ್ತು.

ಅದೇ ತಕ್ಕಡಿಯ ಕ್ರೂರಮುಖವು 1876-78ರ ಮಹಾಕ್ಷಾಮದಲ್ಲಿ ಕಾಣಿಸಿಕೊಂಡಿತು. ಮೈಸೂರು ಸೀಮೆಯಲ್ಲಿ 1871ರ ಜನಗಣತಿಯಂತೆ 50 ಲಕ್ಷಕ್ಕೂ ಮೇಲ್ಪಟ್ಟಿದ್ದ ಜನ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದರು. ಕ್ಷಾಮಕಾರ್ಯಗಳ ಪರಿಶೀಲನೆಗೆ ಬಂದ ಸರ್ ರಿಚರ್ಡ್ ಟೆಂಪಲ್, ಕೂಲಿಯಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಅಲ್ಪ ಕಾಸೂ ಸಾಕೆಂದು 1877ರಲ್ಲಿ ಮದರಾಸು ಆಧಿಪತ್ಯದಲ್ಲಿ ಗೊತ್ತುಪಡಿಸಿದನು. ಅಲ್ಲಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿ, ದುಡಿಯುವ ದೇಹಕ್ಕೆ ಇಷ್ಟು ಸಾಲದೆಂದು ವಾದಿಸಿದನು. ಈ ವಾದವಿವಾದದಲ್ಲಿ ನಮ್ಮ ಗಮನವನ್ನು ಸೆಳೆಯುವುದು ಅದರ ಪ್ರಶ್ನೆಯ ರೂಪ. ಮನುಷ್ಯನು ಬದುಕಿರಲು ಕನಿಷ್ಠ ಎಷ್ಟು ಬೇಕು ಎಂಬುದೇ ಆಗಿನ ಆಹಾರಶಾಸ್ತ್ರದ ಕೇಂದ್ರವಿಷಯವಾಗಿತ್ತು. ಹೆಚ್ಚು ತಿನ್ನಿಸುವುದು ಹೇಗೆ ಎಂಬ ಪ್ರಶ್ನೆ ಅಂದು ಯಾರ ಮನಸ್ಸಿಗೂ ಬಂದಿರಲಾರದು.

2

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧ ಮೊದಲ್ಗೊಂಡು ದಂಡಿನ ಆಹಾರವ್ಯಾಪಾರ ವಿಸ್ತಾರವಾಯಿತು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನ ನಿಲ್ದಾಣದವರೆಗೆ ರೈಲು ಬಂದಿತು. 1898ರ ಪ್ಲೇಗಿನ ಅನಂತರ ಯೋಜಿತವಾದ ಫ್ರೇಜರ್ ಟೌನ್, ಅಂದರೆ ಈಗಿನ ಪುಲಕೇಶಿನಗರ, ಬೇಕರಿಗಳಿಗೆ ಹೆಸರಾಯಿತು. ಅಲ್ಲಿನ ಮಸೀದಿ ರಸ್ತೆಯ ಆಲ್ಬರ್ಟ್ ಬೇಕರಿ 1902ರಷ್ಟು ಹಳೆಯದು. ರಸೆಲ್ ಮಾರುಕಟ್ಟೆ 1927ರಲ್ಲಿ ನಿರ್ಮಾಣವಾಯಿತು. 1936ರಲ್ಲಿ ನೀಲಗಿರೀಸ್ ಸಂಸ್ಥೆ ಬ್ರಿಗೇಡ್ ರಸ್ತೆಯಲ್ಲಿ ಅಂಗಡಿ ತೆರೆಯಿತು.

ಇವೆಲ್ಲವೂ ಸಂಸ್ಕರಿಸಿದ ಆಹಾರಗಳೇ. ಹಿಟ್ಟನ್ನು ಹುದುಗು ಬರಿಸಿ ಸುಡುವುದು, ಹಾಲನ್ನು ಬೆಣ್ಣೆ ಮಾಡುವುದು, ಮಾಂಸಕ್ಕೆ ಉಪ್ಪು ಸವರುವುದು, ಎಲ್ಲವೂ ಸಂಸ್ಕಾರಗಳೇ. ರುಚಿಗಾಗಿ ಶ್ರಮಿಸುವುದೂ ಹೊಸತಲ್ಲ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ರಚಿಸಿದನಷ್ಟೆ. ಆದರೆ ಬೇಕರಿಯ ರೊಟ್ಟಿಗೆ ಒಂದು ಸಹಜವಾದ ಎಲ್ಲೆಯಿತ್ತು. ಬೆಳಗ್ಗೆ ಸುಟ್ಟದ್ದು ಮರುದಿನಕ್ಕೆ ಬಿರುಸಾಗುತ್ತಿತ್ತು. ಒಲೆಯ ಅಳತೆ, ಕೆಲಸಗಾರರ ತೋಳಿನ ಶಕ್ತಿ, ಕೊಳ್ಳುವವರ ಕೈಗೆಟುಕುವ ದೂರ ಇವೆಲ್ಲವೂ ಅದನ್ನು ಕಟ್ಟಿಹಾಕಿದ್ದವು.

ಸಂಸ್ಕರಣದ ಆಧುನಿಕ ವಿಜ್ಞಾನವು ನಮ್ಮಲ್ಲಿ ಹುಟ್ಟಿದುದೂ ಕೊರತೆಯ ನಿವಾರಣೆಗಾಗಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗದ ಮುಖ್ಯರಾಗಿದ್ದ ವಿ. ಸುಬ್ರಹ್ಮಣ್ಯನ್ ಅವರು 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಪ್ರಥಮ ನಿರ್ದೇಶಕರಾದರು. ನೆಲಗಡಲೆಯ ಹಿಟ್ಟಿಗೆ ಕಡಲೆಯ ಹಿಟ್ಟನ್ನು ಬೆರಸಿ ಬಡವರಿಗೆ ಪೌಷ್ಟಿಕಾಹಾರ ಒದಗಿಸುವ ಪ್ರಯತ್ನ ಅಲ್ಲಿ ನಡೆಯಿತು. ಆದುದರಿಂದ ಯಂತ್ರವನ್ನಾಗಲಿ ರಸಾಯನಶಾಸ್ತ್ರವನ್ನಾಗಲಿ ದೂಷಿಸುವುದು ತರವಲ್ಲ. ಅವುಗಳನ್ನು ಯಾವ ಪ್ರಶ್ನೆಗೆ ಉತ್ತರವಾಗಿ ಬಳಸಿದರೆಂಬುದನ್ನು ವಿಚಾರಿಸಬೇಕು.

3

ಆ ಪ್ರಶ್ನೆ ಬದಲಾದ ಒಂದು ಸ್ಥಳವು, ವಿಚಿತ್ರವೆಂಬಂತೆ, ಸೈನ್ಯದ ಪಡಿಯೇ. ಅಮೆರಿಕದ ಸೇನೆಗೆ ಮ್ಯಾಸಚೂಸೆಟ್ಸಿನ ನೇಟಿಕ್ ಎಂಬಲ್ಲಿ ಒಂದು ಪ್ರಯೋಗಾಲಯವಿದೆ. ರಣರಂಗದ ಸಿಪಾಯಿಗಳು ಕೊಟ್ಟ ಪಡಿಯನ್ನು ಪೂರ್ತಿಯಾಗಿ ತಿನ್ನದೆ ಬಿಸಾಡುತ್ತಿದ್ದರು. ಅವರು ಹೆಚ್ಚು ತಿನ್ನುವಂತೆ ಮಾಡುವುದು ಹೇಗೆಂಬುದು ಅಲ್ಲಿನ ಸಮಸ್ಯೆಯಾಗಿತ್ತು. ಹೋವರ್ಡ್ ಮಾಸ್ಕೋವಿಟ್ಸ್ ಎಂಬ ಮನಶ್ಶಾಸ್ತ್ರಜ್ಞನು 1970ರ ದಶಕದ ಮೊದಲಲ್ಲಿ ಅಲ್ಲಿ ಕೆಲಸ ಮಾಡಿದನು. ತೀವ್ರವೂ ವಿಶಿಷ್ಟವೂ ಆದ ರುಚಿಯು ನಾಲಗೆಗೆ ಮೊದಲು ಹಿತವಾದರೂ ಬೇಗ ಸಾಕೆನಿಸುತ್ತದೆ. ಸಪ್ಪೆಯಾದ ರೊಟ್ಟಿಯನ್ನು ಸಿಪಾಯಿ ಎಷ್ಟು ದಿನವಾದರೂ ಬೇಸರಿಸದೆ ತಿನ್ನುತ್ತಾನೆ. ಸಕ್ಕರೆಯನ್ನು ಏರಿಸುತ್ತ ಹೋದಂತೆ ಇಷ್ಟವೂ ಏರಿ, ಒಂದು ಶಿಖರವನ್ನು ಮುಟ್ಟಿ, ಅನಂತರ ಇಳಿಯುತ್ತದೆ. ಆ ಶಿಖರವನ್ನು ಗಣಿತದಿಂದ ಗುರುತಿಸುವ ವಿಧಾನವೇ ಮುಂದೆ 'ಬ್ಲಿಸ್ ಪಾಯಿಂಟ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಸೇನೆಯನ್ನು ಬಿಟ್ಟ ಮೇಲೆ ಮಾಸ್ಕೋವಿಟ್ಸ್ ಈ ವಿದ್ಯೆಯನ್ನು ಪಾನೀಯ, ಸಾರು ಮೊದಲಾದವುಗಳ ಕಂಪನಿಗಳಿಗೆ ಒದಗಿಸಿದನು. ಹಸಿದು ಸೊರಗುವ ಸಿಪಾಯಿಗಾಗಿ ಹುಟ್ಟಿದ ವಿದ್ಯೆ ಹಸಿಯದವನ ಕಡೆಗೆ ತಿರುಗಿತು.

ಇದರ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು. ಮೊದಲನೆಯದಾಗಿ, ಸಕ್ಕರೆ, ಉಪ್ಪು, ಕೊಬ್ಬು ಇವುಗಳನ್ನು ಯಾವ ಒಂದು ರುಚಿಯೂ ಮುಂದಾಗಿ ನಿಂತು ಬೇಸರ ಬರಿಸದಂತೆ ಹೊಂದಿಸುತ್ತಾರೆ. ನಿಸರ್ಗದಲ್ಲಿ ಸಿಹಿ ಹಣ್ಣಿನಲ್ಲಿದೆ, ಕೊಬ್ಬು ಬೀಜದಲ್ಲಿದೆ. ಎರಡೂ ಸಮೃದ್ಧವಾಗಿ ಒಂದೆಡೆ ಸೇರುವುದು ವಿರಳ. ಎರಡನೆಯದಾಗಿ, ನಾರನ್ನು ತೆಗೆದು ಅಗಿಯುವ ಶ್ರಮವನ್ನು ಕಡಿಮೆ ಮಾಡುತ್ತಾರೆ. ಮುದ್ದೆ ಸೊಪ್ಪುಸಾರಿನ ಊಟಕ್ಕೆ ಹೊತ್ತು ಹಿಡಿಯುತ್ತದೆ. ಹೊಟ್ಟೆಯಿಂದ ಸಾಕೆಂಬ ಸುದ್ದಿ ಮೆದುಳಿಗೆ ಮುಟ್ಟಲು ಆ ಹೊತ್ತು ಬೇಕು. ಪುಟ್ಟ ಬಿಸ್ಕತ್ತು ಆ ಸುದ್ದಿ ಮುಟ್ಟುವ ಮೊದಲೇ ಮುಗಿದು ಇನ್ನೊಂದಕ್ಕೆ ಕೈ ಹೋಗಿರುತ್ತದೆ. ಮೂರನೆಯದಾಗಿ, ಗರಿಗರಿಯಾದ ಉಬ್ಬಿದ ತಿಂಡಿಯು ಬಾಯಲ್ಲಿ ಕ್ಷಣದಲ್ಲಿ ಕರಗುವಂತೆ ರಚಿತವಾಗಿರುತ್ತದೆ. ಹಾಗೆ ಕರಗಿದುದರಲ್ಲಿ ಶಕ್ತಿಯೇ ಇಲ್ಲವೆಂದು ಮೆದುಳು ಭ್ರಮಿಸುತ್ತದೆಂಬುದು ಸ್ಟೀವನ್ ವಿದರ್ಲಿ ಎಂಬ ಆಹಾರವಿಜ್ಞಾನಿಯ ವಿವರಣೆ.

ಇದು ಊಹೆಯಷ್ಟೇ ಎನ್ನುವವರಿಗೆ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗ ಉತ್ತರ ಕೊಡುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿಯು 20 ಮಂದಿಯನ್ನು ನಾಲ್ಕು ವಾರ ಇರಿಸಿಕೊಂಡು, ಎರಡು ವಾರ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಅಲ್ಪಸಂಸ್ಕರಿತ ಆಹಾರವನ್ನೂ ಬಡಿಸಿದನು. ಎರಡರಲ್ಲಿಯೂ ಮುಂದಿರಿಸಿದ ಶಕ್ತಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಸಮವಾಗಿದ್ದವು, ಬೇಕಾದಷ್ಟು ತಿನ್ನಬಹುದಿತ್ತು. ಮೊದಲ ಬಗೆಯ ಆಹಾರದಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಾಗಿ ತಿಂದರು. ಎರಡು ವಾರಗಳಲ್ಲಿ ಸರಾಸರಿ 0.9 ಕಿಲೋಗ್ರಾಂ ತೂಕ ಏರಿತು, ಎರಡನೆಯದರಲ್ಲಿ ಅಷ್ಟೇ ಇಳಿಯಿತು. ಮಂದಿ ಅವರೇ, ಅವರ ಸಂಯಮವೂ ಅದೇ. ಬದಲಾದುದು ಆಹಾರ ಮಾತ್ರ.

4

ಈಗ ಮತ್ತೆ ದಂಡಿಗೆ ಬರೋಣ. 1995ರ ಜೂನ್ ತಿಂಗಳಿನಲ್ಲಿ ಕೆಂಟಕಿ ಫ್ರೈಡ್ ಚಿಕನ್ ಕಂಪನಿಯು ಭಾರತದಲ್ಲಿ ತನ್ನ ಮೊದಲ ಅಂಗಡಿಯನ್ನು ಬ್ರಿಗೇಡ್ ರಸ್ತೆಯಲ್ಲಿ ತೆರೆಯಿತು. ಅಲ್ಲಿನ ಖಾದ್ಯದಲ್ಲಿ ಮೋನೋಸೋಡಿಯಂ ಗ್ಲುಟಮೇಟ್ ನಿಯಮಿತ ಪ್ರಮಾಣವನ್ನು ಮೀರಿದೆಯೆಂದು ನಗರದ ಮಹಾನಗರಪಾಲಿಕೆ ಸೆಪ್ಟೆಂಬರಿನಲ್ಲಿ ಪರವಾನಗಿಯನ್ನು ರದ್ದುಮಾಡಿತು; ನ್ಯಾಯಾಲಯದ ಆಜ್ಞೆಯಿಂದ ಅಂಗಡಿ ಮತ್ತೆ ತೆರೆಯಿತು. 1996ರ ಜನವರಿ 30ರಂದು ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು ಅದರ ಮೇಲೆ ದಾಳಿ ಮಾಡಿದರು. ಈ ಪ್ರಸಂಗವನ್ನು ಸಾಮಾನ್ಯವಾಗಿ ಜಾಗತೀಕರಣದ ಚರಿತ್ರೆಯಲ್ಲಿ ಸೇರಿಸುತ್ತಾರೆ. ಆಹಾರಚರಿತ್ರೆಯ ದೃಷ್ಟಿಯಿಂದ ನೋಡಿದರೆ ಇನ್ನೊಂದು ಅಂಶ ಹೊಳೆಯುತ್ತದೆ. ಪಾಲಿಕೆಯ ಕೈಯಲ್ಲಿದ್ದ ಅಸ್ತ್ರವು 1954ರ ಆಹಾರ ಕಲಬೆರಕೆ ತಡೆ ಶಾಸನ. ಆ ಶಾಸನವು ಹಾಲಿಗೆ ನೀರು, ಬೇಳೆಗೆ ಕೇಸರಿಬೇಳೆ ಬೆರಸಿದವನನ್ನು ಹಿಡಿಯಲು ಹುಟ್ಟಿದ್ದು. ಒಂದು ಪದಾರ್ಥ ಶುದ್ಧವೋ ಅಶುದ್ಧವೋ ಎಂದು ಅದು ಕೇಳಬಲ್ಲದು. ಶುದ್ಧವಾದ ಪದಾರ್ಥಗಳಿಂದಲೇ ಅಮಿತವಾಗಿ ತಿನ್ನಿಸುವ ಹವಣಿಕೆಯನ್ನು ಕುರಿತು ಅದು ಮೂಕ. ರೈತಸಂಘದ ಆಕ್ಷೇಪಣೆಗೆ ಸ್ವದೇಶಿ ಕೃಷಿಯ ಕಾಳಜಿ ಆಧಾರವಾಗಿತ್ತು. ಅಂಗಡಿ ಪರದೇಶದ್ದಾದುದರಿಂದ ಕಣ್ಣಿಗೆ ಬಿದ್ದಿತು. ಆದರೆ ಅದೇ ಕಲೆ ಊರ ಮೂಲೆಮೂಲೆಯ ಪೊಟ್ಟಣಗಳಲ್ಲಿ ಸದ್ದಿಲ್ಲದೆ ಹರಡುವುದಕ್ಕೆ ಯಾವ ಅಡ್ಡಿಯೂ ಉಳಿಯಲಿಲ್ಲ.

ಆ ಪೊಟ್ಟಣಗಳಿಗೂ ಇಲ್ಲಿನ ನೆಲಕ್ಕೂ ನಂಟಿದೆ. 1910ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿತವಾದ ಇಂಪೀರಿಯಲ್ ಟೊಬ್ಯಾಕೊ ಕಂಪನಿಗೆ ಪುಲಕೇಶಿನಗರದ ಆಸುಪಾಸಿನಲ್ಲಿ ಸಿಗರೇಟು ಕಾರ್ಖಾನೆಯಿತ್ತು. ಐಟಿಸಿ ಎಂದು ಹೆಸರಾದ ಅದೇ ಸಂಸ್ಥೆ 2001ರಲ್ಲಿ ಸಿದ್ಧಾಹಾರದ ಉದ್ಯಮಕ್ಕೆ ಕಾಲಿಟ್ಟು, 2003ರಲ್ಲಿ ಬಿಸ್ಕತ್ತನ್ನೂ 2007ರಲ್ಲಿ ಗರಿಗರಿ ತಿಂಡಿಯನ್ನೂ 2010ರಲ್ಲಿ ನೂಡಲ್ಸನ್ನೂ ಪೇಟೆಗೆ ತಂದಿತು. ಆ ಪೊಟ್ಟಣಗಳ ಹಿಂಬದಿಯಲ್ಲಿ ಬಾಣಸವಾಡಿ ಮುಖ್ಯರಸ್ತೆ, ಮಾರುತಿ ಸೇವಾನಗರ ಎಂಬ ವಿಳಾಸವನ್ನು ಓದಬಹುದು. 1892ರಲ್ಲಿ ಕಲಕತ್ತೆಯಲ್ಲಿ ಆರಂಭವಾದ ಬ್ರಿಟಾನಿಯ ಕಂಪನಿಯ ಆಡಳಿತ ಕಚೇರಿಯೂ ಬೆಂಗಳೂರಿನ ಪೂರ್ವಕ್ಕೆ, ಮೊದಲು ವಿಮಾನಪುರಕ್ಕೆ, ಅನಂತರ ಕೃಷ್ಣರಾಜಪುರದ ಸೀಮೆಗೆ ಸೇರಿದ ವೈಟ್‌ಫೀಲ್ಡ್ ರಸ್ತೆಗೆ ಬಂದಿತು.

ತಂಬಾಕು ಮತ್ತು ತಿಂಡಿಗಳ ಸಂಬಂಧ ಇಲ್ಲಿನದಷ್ಟೇ ಅಲ್ಲ. ಅಮೆರಿಕದಲ್ಲಿ ಫಿಲಿಪ್ ಮಾರಿಸ್ ಕಂಪನಿ 1985ರಲ್ಲಿ ಜನರಲ್ ಫುಡ್ಸನ್ನೂ 1988ರಲ್ಲಿ ಕ್ರಾಫ್ಟನ್ನೂ ಕೊಂಡಿತು, ಆರ್. ಜೆ. ರೆನಾಲ್ಡ್ಸ್ 1985ರಲ್ಲಿ ನಬಿಸ್ಕೊವನ್ನು ಕೊಂಡಿತು. 1988ರಿಂದ 2001ರವರೆಗೆ ತಂಬಾಕು ಕಂಪನಿಗಳ ಒಡೆತನದಲ್ಲಿದ್ದ ಆಹಾರಗಳು ಅತಿರುಚಿಯ ವರ್ಗಕ್ಕೆ ಸೇರುವ ಸಂಭವ ಉಳಿದವಕ್ಕಿಂತ ಹೆಚ್ಚಾಗಿತ್ತೆಂದು 2023ರ ಒಂದು ಅಧ್ಯಯನ ತೋರಿಸಿತು. 2018ರ ವೇಳೆಗೆ ಆ ವ್ಯತ್ಯಾಸ ಬಹುಮಟ್ಟಿಗೆ ಅಳಿದು ಇತರ ಕಂಪನಿಗಳ ಆಹಾರವೂ ಹಾಗೆಯೇ ಆಗಿತ್ತು. ಈ ಸಾಮ್ಯವೊಂದರಿಂದಲೇ ನಮ್ಮಲ್ಲಿನ ಸಂಸ್ಥೆಗಳ ಮೇಲೆ ದೋಷವನ್ನು ಹೊರಿಸುವುದು ಇತಿಹಾಸಕಾರನ ಧರ್ಮವಲ್ಲ. ಇಷ್ಟನ್ನು ಮಾತ್ರ ಹೇಳಬಹುದು: ಸಿಗರೇಟನ್ನು ಪ್ರತಿಯೊಂದು ಬೀದಿಯ ಗೂಡಂಗಡಿಗೂ ತಲಪಿಸಿದ ದಾರಿಯಲ್ಲಿಯೇ ಐದು ರೂಪಾಯಿಯ ತಿಂಡಿಯ ಪೊಟ್ಟಣವೂ ತಲಪಿತು. ರೊಟ್ಟಿಗಿದ್ದ ಕಾಲದೇಶಗಳ ಎಲ್ಲೆ ಅದಕ್ಕಿಲ್ಲ. ತಿಂಗಳುಗಟ್ಟಲೆ ಕೆಡದೆ, ಶಾಲೆಯ ಬಾಗಿಲಿನಲ್ಲಿಯೇ ಅದು ಕಾದಿರುತ್ತದೆ.

5

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕು. ಯುಗಾದಿಯ ಒಬ್ಬಟ್ಟಿನ ಮುಂದೆ ಮಿತಿಯನ್ನು ಪಾಲಿಸಿದವರುಂಟೆ? ರಮ್ಜಾನ್ ಸಂಜೆಗಳಲ್ಲಿ ಮಸೀದಿ ರಸ್ತೆಯ ಸಮೋಸವಾಗಲಿ, ಹಬ್ಬದ ದಿನದ ಕೇಕಾಗಲಿ ಅತಿಭೋಜನಕ್ಕೆ ಕರೆಯುವುದಿಲ್ಲವೆ? ಕರೆಯುತ್ತವೆ, ಸಂದೇಹವಿಲ್ಲ. ಆದರೆ ಒಬ್ಬಟ್ಟಿಗೆ ಹೂರಣ ರುಬ್ಬುವವರ ಬೆವರಿನ ಮಿತಿಯಿದೆ, ಪಂಚಾಂಗದ ಮಿತಿಯಿದೆ, ಪಂಕ್ತಿಯಲ್ಲಿ ಪಕ್ಕದವನಿಗೂ ಸಾಲಬೇಕೆಂಬ ಮಿತಿಯಿದೆ. ಅದನ್ನು ಮಾಡುವವರು ಉಣ್ಣುವವರ ಮುಖವನ್ನು ನೋಡುತ್ತಿರುತ್ತಾರೆ. ಪೊಟ್ಟಣದ ಹಿಂದೆ ಇರುವವರು ನೋಡುವುದು ಮಾರಾಟದ ಲೆಕ್ಕವನ್ನು. ಅವರ ಅಭಿವೃದ್ಧಿಯೇ ನಾವು ಎರಡನೆಯ ಪೊಟ್ಟಣವನ್ನು ಬಿಚ್ಚುವುದರ ಮೇಲೆ ನಿಂತಿದೆ.

ಇದರ ಫಲವೇನೆಂಬುದನ್ನು ಅಂಕಿಗಳು ಸ್ವಲ್ಪಮಟ್ಟಿಗೆ ಸೂಚಿಸುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿಯೆಂದು ಅಂದಾಜು ಮಾಡಿತು. ಈ ರೋಗಕ್ಕೆ ಕಾರಣಗಳು ಹಲವು. ಕೂತು ಮಾಡುವ ಉದ್ಯೋಗ, ಬಿಳಿಯ ಅಕ್ಕಿ, ವಂಶಗುಣ ಎಲ್ಲವೂ ಸೇರಿವೆ. ಆದರೂ ನೂರೈವತ್ತು ವರ್ಷಗಳ ಕೆಳಗೆ ಒಂದು ಪೌಂಡು ಧಾನ್ಯಕ್ಕಾಗಿ ಜನ ಸತ್ತ ಸೀಮೆಯಲ್ಲಿ ಇಂದು ಅನ್ನದ ಅತಿಯೂ ರೋಗಕ್ಕೆ ಹಾದಿಯಾಗಿರುವುದು ಚರಿತ್ರೆಯ ವಿದ್ಯಾರ್ಥಿಯನ್ನು ಯೋಚನೆಗೆ ಹಚ್ಚದಿರದು.

ಚಿಲಿ ದೇಶವು 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಂಬದಿಯಲ್ಲಿ ಕಪ್ಪು ಅಷ್ಟಕೋನದ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಕಲಬೆರಕೆಯ ಶಾಸನದ ಸ್ಥಾನಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಶಾಸನ ಬಂದಿತು. ಅದರ ಅಧಿಕಾರಿಗಳು 2022ರಲ್ಲಿ ಎಚ್ಚರಿಕೆಯ ಬದಲು ನಕ್ಷತ್ರಗಳ ದರ್ಜೆಯನ್ನು ಸೂಚಿಸಿದರು. ನಕ್ಷತ್ರವೋ ಅಷ್ಟಕೋನವೋ ಎಂಬುದು ಹೊರನೋಟಕ್ಕೆ ಚಿಕ್ಕ ವಿವಾದ. ಆದರೆ ಒಂದು ಗ್ರಾಹಕನನ್ನು ಮೆಚ್ಚಿಸುತ್ತದೆ, ಇನ್ನೊಂದು ಅವನನ್ನು ತಡೆಯುತ್ತದೆ.

ದಂಡಿನ ಆಹಾರಚರಿತ್ರೆಯಲ್ಲಿ ಹೀಗೆ ಮೂರು ಘಟ್ಟಗಳನ್ನು ಗುರುತಿಸಬಹುದು. ಪಡಿಯ ಕಾಲದಲ್ಲಿ ಮಿತಿಯನ್ನು ಪ್ರಭುತ್ವ ಹಾಕಿತು. ಅದು ಹಲವು ವೇಳೆ ನಿರ್ದಯವಾಗಿತ್ತು. ಬೇಕರಿ ಮಾರುಕಟ್ಟೆಗಳ ಕಾಲದಲ್ಲಿ ಪದಾರ್ಥದ ಸ್ವಭಾವವೂ ಊರಿನ ರೂಢಿಯೂ ಮಿತಿಯನ್ನು ಕಾಯ್ದವು. ಪೊಟ್ಟಣದ ಕಾಲದಲ್ಲಿ ಹೊರಗಿನ ಮಿತಿಗಳು ಕಳಚಿದುದಲ್ಲದೆ, ಒಳಗಿನ ಸಾಕೆಂಬ ದನಿಯನ್ನೂ ತಡಮಾಡುವ ವಿದ್ಯೆ ಬೆಳೆದಿದೆ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಮಾತು ಸುಳ್ಳಾಗಿಲ್ಲ. ಆದರೆ ಊಟವನ್ನು ಬಲ್ಲವರು ಈಗ ಪ್ರಯೋಗಾಲಯದಲ್ಲಿ ಕುಳಿತಿದ್ದಾರೆ. ಅವರು ಬಲ್ಲುದನ್ನು ಉಣ್ಣುವವರಿಗೂ ತಿಳಿಯಹೇಳುವ ಭಾರ ಶಾಸನದ ಮೇಲೆಯೂ ಶಾಲಾಕಾಲೇಜುಗಳ ಅಧ್ಯಾಪಕರ ಮೇಲೆಯೂ ಬಿದ್ದಿದೆ.